ಪಾಂಥಿಯನ್ ಒಂದು ಬಾಕಿ ಇರಲಿ

ಏಪ್ರಿಲ್ 22, ಸೋಮವಾರ. ಸಂಜೆ

ಇದನ್ನು ಬರೆಯದೆಯೇ ಬಿಡುವವಳಿದ್ದೆ. ಶುಕ್ರವಾರದಿಂದ ಇಲ್ಲಿ ಬರೆದಿರುವುದೆಲ್ಲ ಬಿಸಿಲು, ಗ್ರೂಪು, ಮಂಡಿನೋವು. ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಡುತ್ತೇನೆಂದರೆ ನಾನು ಎಂಥವಳು? ಬರೆಯುತ್ತೇನೆ. ಅಮ್ಮನಿಗಿರುವುದು ಗ್ಯಾಸ್ಟ್ರಿಕ್ ಅಲ್ಲ.

ರಿಸೀವರುಗಳನ್ನು ಒರೆಸುತ್ತಿದ್ದೆ. ದಿನದ ಕೊನೆಯ ಕೆಲಸ. ನಾನು ಕುತ್ತಿಗೆಯ ಮೈಕಿನಲ್ಲಿ ಪಿಸುಗುಟ್ಟಿದರೂ ಟೂರಿಸ್ಟ್ ಗ್ರೂಪಿನ ಅಷ್ಟೂ ಜನರ ಕಿವಿಗೆ ಮುಟ್ಟಿಸುವ ಪುಟ್ಟ ಡಬ್ಬಿಗಳು. ಒಂದೊಂದನ್ನೂ ಸ್ಪಿರಿಟಿನಿಂದ ಒರೆಸಿ, ವೈರು ಸುತ್ತಿ, ಚಾರ್ಜಿಗೆ ಇಡುವಾಗ ಡಾಕ್ಟರ್ ಸಾಲ್ವಿಯ ಮಾತು ಮತ್ತೆ ಕೇಳಿಸಿತು. ಶುಕ್ರವಾರ ನನ್ನೊಬ್ಬಳನ್ನೇ ಕಾರಿಡಾರಿಗೆ ಕರೆದರು. ಅಮ್ಮ ಒಳಗೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಯಕೃತ್ತಿಗೂ ಹರಡಿದೆ. ಕತ್ತರಿಸಿ ತೆಗೆಯುವ ಹಾಗಿಲ್ಲ. ಔಷಧಿ ಕೊಟ್ಟರೆ ಕೆಲವು ತಿಂಗಳು ಹೆಚ್ಚಿಗೆ ಸಿಗಬಹುದು, ಆದರೆ ಔಷಧಿಯೂ ಸುಮ್ಮನೆ ಬಿಡುವುದಿಲ್ಲ. ಬೇಕೋ ಬೇಡವೋ ಎಂದು ಹೇಳಬೇಕಾದವರು ನಿಮ್ಮ ತಾಯಿ, ನೀವಲ್ಲ — ಹಾಗೆಂದರು. ಮೇ 20ಕ್ಕೆ ಕರೆದುಕೊಂಡು ಬನ್ನಿ. ಅಷ್ಟರೊಳಗೆ ನೀವೇ ತಿಳಿಸಿರಿ. ಇಲ್ಲದಿದ್ದರೆ ಅವತ್ತು ನಾನು ತಿಳಿಸುತ್ತೇನೆ.

ಟೂರಿನ್‌ನಲ್ಲಿರುವ ತಮ್ಮ ಕೊರ್ರಾಡೊಗೆ ಫೋನ್ ಮಾಡಿದೆ. ಔಷಧಿ ಅಂಗಡಿ ಇಟ್ಟವನು, ವಿಷಯ ನನಗಿಂತ ಬೇಗ ಅರ್ಥವಾಯಿತು. ಅತ್ತುಬಿಟ್ಟ. ಆಮೇಲೆ, ಅಮ್ಮನಿಗೆ ಹೇಳಬೇಡ, ಅಷ್ಟೆ. ಅಜ್ಜಿಗೂ ಯಾರೂ ಹೇಳಿರಲಿಲ್ಲ, ನಗುನಗುತ್ತಾ ಹೋದಳು ಎಂದ. ನಾನು ಸರಿ ಅಂದೆ.

ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ. ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ, ಚರ್ಚಿನ ಪಾದ್ರಿಗೆ ಗೊತ್ತಿರುತ್ತದೆ. ಕಾಯಿಲೆ ಯಾರದೋ ಅವರಿಗೊಬ್ಬರಿಗೆ ಮಾತ್ರ ಗ್ಯಾಸ್ಟ್ರಿಕ್.

ಸರಿ ಅಂದದ್ದು ಯಾಕೆ? ಅವನು ಅತ್ತದ್ದಕ್ಕೋ, ನನಗೇ ಅನುಕೂಲವಾಯಿತು ಅಂತಲೋ.


ಏಪ್ರಿಲ್ 24, ಬುಧವಾರ

ಅಮ್ಮನಿಗೆ ಹೇಳಿದೆ. ಕಾಯಿಲೆಯ ವಿಷಯವಲ್ಲ... ಶುಕ್ರವಾರ ನನ್ನ ಗ್ರೂಪಿನ ಜೊತೆ ಕೊಲೋಸಿಯಂ ನೋಡಲು ಬಾ ಅಂತ.

ಮಾರ್ಕೆಟ್ಟಿನಲ್ಲಿ ಕೂತಿದ್ದಳು. ತರಕಾರಿ ಅಂಗಡಿಯನ್ನು ಸೋದರನ ಮಗಳಿಗೆ ಬಿಟ್ಟುಕೊಟ್ಟು ವರ್ಷಗಳಾದವು. ಆದರೂ ಬೆಳಿಗ್ಗೆ ಹೋಗಿ ಸ್ಟೂಲಿನ ಮೇಲೆ ಕೂತು ಆರ್ಟಿಚೋಕ್ ಬಿಡಿಸದಿದ್ದರೆ ಅವಳಿಗೆ ಬೆಳಗಾಗುವುದಿಲ್ಲ. ಮೊಗ್ಗು ತಿರುಗಿಸುತ್ತಾ ಮುಳ್ಳೆಸಳು ಕತ್ತರಿಸುವುದು, ನಿಂಬೆನೀರಿಗೆ ಎಸೆಯುವುದು. ಕಣ್ಣು ನನ್ನ ಮೇಲೆ, ಚಾಕು ಅದರ ಪಾಡಿಗೆ ಅದು.

"ಕೊಲೋಸಿಯಮ್ಮಾ? ಯಾಕೆ, ಬೀಳ್ತಾ ಇದೆಯಾ?"

"ಇಲ್ಲಮ್ಮ. ನೀನು ನೋಡೇ ಇಲ್ವಲ್ಲ."

"ಎಪ್ಪತ್ತೈದನೇ ನಂಬರ್ ಬಸ್ಸಿಂದ ವಾರಕ್ಕೊಂದ್ಸಲ ನೋಡ್ತೀನಿ. ಅಲ್ಲೇ ಇರುತ್ತೆ."

"ಒಳಗಡೆ."

"ಒಳಗಡೆ ಏನಿದೆ? ತೂತು."

ಪಕ್ಕದ ಮೀನಂಗಡಿಯ ಎರ್ಸಿಲಿಯಾ ನಕ್ಕಳು. ನಾನೂ ನಕ್ಕೆ. ಆಮೇಲೆ ಅಮ್ಮ ಚಾಕು ಕೆಳಗಿಟ್ಟು ಒಂದು ಗಳಿಗೆ ನನ್ನನ್ನೇ ನೋಡಿದಳು. ಶುಕ್ರವಾರ ತಾನೇ, ಬರ್ತೀನಿ, ನೀಲಿ ಶೂ ಹಾಕ್ಕೊಂಡು ಬರ್ಲಾ ಎಂದು ಕೇಳಿದಳು. ಇಷ್ಟು ಬೇಗ ಒಪ್ಪುತ್ತಾಳೆಂದುಕೊಂಡಿರಲಿಲ್ಲ.

ನನ್ನನ್ನು ಐರಿಷ್ ಸನ್ಯಾಸಿನಿಯರ ಇಂಗ್ಲಿಷ್ ಶಾಲೆಗೆ ಕಳಿಸಿದ್ದು ಇದೇ ಸ್ಟೂಲು. ಆ ಇಂಗ್ಲಿಷಿನಿಂದಲೇ ಗೈಡ್ ಆದೆ. ಪ್ರಪಂಚದವರಿಗೆಲ್ಲ ಊರು ತೋರಿಸಿದ್ದೇನೆ. ಇವಳನ್ನು ಒಂದು ಸಲವೂ ಕರೆಯಲಿಲ್ಲ. ಇವಳೂ ಕೇಳಲಿಲ್ಲ. ನಾವು ರೋಮಿನವರು ಹಾಗೇ, ಇರುವುದು ಇರುತ್ತದೆ ಅಂದುಕೊಂಡು ಮುಂದಿನ ವರ್ಷಕ್ಕೆ ತಳ್ಳುವವರು.


ಏಪ್ರಿಲ್ 26, ಶುಕ್ರವಾರ. ಸಂಜೆ ಏಳು

ಇವತ್ತಿನದನ್ನು ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಚೆನ್ನಾಗಿತ್ತು. ಅಮ್ಮ ನೀಲಿ ಶೂ, ಚರ್ಚಿಗೆ ಹಾಕುವ ಕೋಟು. ಎಲ್ಲರ ಹಾಗೆ ಅವಳ ಕುತ್ತಿಗೆಗೂ ಒಂದು ರಿಸೀವರ್ ಹಾಕಿದೆ. ನಾನು ಹೇಳುವುದು ಇಂಗ್ಲಿಷಿನಲ್ಲಿ, ಅವಳಿಗೆ ಒಂದಕ್ಷರವೂ ತಿಳಿಯದು. ಆದರೂ ಕಿವಿಯಿಂದ ತೆಗೆಯಲಿಲ್ಲ. ನಿನ್ನ ದನಿ ಇಷ್ಟು ಹತ್ತಿರ ಕೇಳಿ ಎಷ್ಟು ದಿನವಾಯ್ತೆ, ಚಿಕ್ಕವಳಿದ್ದಾಗ ನನ್ನ ಕಿವಿಗೆ ಬಾಯಿಟ್ಟು ಮಾತಾಡ್ತಿದ್ದೆಯಲ್ಲ ಹಾಗಿದೆ ಎಂದಳು. ಮೈಕಿನಲ್ಲಿ ಮುಂದಿನ ವಾಕ್ಯ ಮರೆತುಹೋಯಿತು.

ಒಳಗೆ ಹೋಗಿ ನಿಂತು, ಕೆಳಗಿನ ನೆಲಮಾಳಿಗೆಗಳನ್ನೂ ಮೇಲಿನ ಸಾಲುಗಳನ್ನೂ ನೋಡಿ, ಇಷ್ಟು ಜನಕ್ಕೆ ಕಕ್ಕಸು ಎಲ್ಲಿತ್ತು ಅಂತ ಕೇಳಿದಳು. ಗ್ರೂಪಿಗೆ ಅನುವಾದ ಮಾಡಿದೆ. ಅಮೆರಿಕದವರೊಬ್ಬರು ಚಪ್ಪಾಳೆ ತಟ್ಟಿದರು. ಅಮ್ಮ ರಾಣಿಯ ಹಾಗೆ ತಲೆ ಬಾಗಿಸಿದಳು.

ಫೋರಂನ ಹಾಳು ಕಂಬಗಳನ್ನು ದಾಟಿ ಗುಡ್ಡ ಹತ್ತಿ, ಪೈನ್ ಮರಗಳ ಕೆಳಗೆ ಬ್ರೇಕ್ ಕೊಟ್ಟೆ. ಅಷ್ಟರಲ್ಲಿ ಕೊರ್ರಾಡೊನ ಫೋನ್. ಹಳೆಯ ಗೋಡೆಯ ಹಿಂದೆ ಹೋಗಿ ಮಾತಾಡಿದೆ. ಹೇಳಬೇಕು ಅನ್ನಿಸುತ್ತಿದೆ ಎಂದೆ. ಅವನು ಬೇಡ ಎಂದ. ನಾನು ಎಲ್ಲವನ್ನೂ ಇನ್ನೊಂದು ಸಲ ಬಿಡಿಸಿ ಹೇಳಿದೆ — ಯಕೃತ್ತು, ತಿಂಗಳುಗಳು, ಮೇ 20. ಅವಳಿಗೆ ಅನುಮಾನ ಬಾರದ ಹಾಗೆ ಊರು ಸುತ್ತಿಸುತ್ತಿದ್ದೇನೆ ಅಂತಲೂ ಹೇಳಿದೆ. ಈಗ ಬರೆಯುವಾಗ ಆ ಮಾತೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ.

ಕೊನೆಯಲ್ಲಿ ರಿಸೀವರ್ ವಾಪಸ್ ಕೊಡುವಾಗ ಐರ್ಲೆಂಡಿನ ಕಾರ್ಕ್‌ನಿಂದ ಬಂದಿದ್ದ ನಿವೃತ್ತ ಟೀಚರೊಬ್ಬರು ನನ್ನ ಕೈ ಹಿಡಿದುಕೊಂಡರು. ಇಂಗ್ಲಿಷಿನಲ್ಲಲ್ಲ, ನಮ್ಮ ಇಟಾಲಿಯನ್ ಭಾಷೆಯಲ್ಲಿ, ನಿಧಾನವಾಗಿ, ಶಾಲೆಯ ಮಕ್ಕಳು ಒಪ್ಪಿಸುವ ಹಾಗೆ:

"ನಿಮ್ಮ ತಾಯಿಯ ವಿಷಯ ಕೇಳಿ ದುಃಖವಾಯಿತು. ಧೈರ್ಯವಾಗಿರಿ."

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಮೈಕು ಆನ್ ಇತ್ತು. ಬ್ರೇಕಿನ ಉದ್ದಕ್ಕೂ ಆನ್ ಇತ್ತು.

ಗ್ರೂಪಿನಲ್ಲಿ ನಮ್ಮ ಭಾಷೆ ಬಲ್ಲವರು ಆ ಟೀಚರೊಬ್ಬರೇ. ಮತ್ತೆ ಅಮ್ಮ.

ನಾನು ಗೋಡೆಯ ಹಿಂದಿನಿಂದ ಬಂದಾಗ ಅಮ್ಮ ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿದು ಜಪಾನಿನ ದಂಪತಿಗೆ ಹಂಚುತ್ತಿದ್ದಳು. ವೈರು ಮಡಿಲಲ್ಲಿ ಬಿದ್ದಿತ್ತು. ಯಾವಾಗ ತೆಗೆದಳು? ನಾನು ಮಾತು ಶುರುಮಾಡುವ ಮೊದಲೋ, ಮುಗಿಸಿದ ಮೇಲೋ... ಬಸ್ಸಿನಲ್ಲಿ ಶೂ ಕಚ್ಚುತ್ತಿದೆ ಎಂದಳು. ಅಷ್ಟೆ.


ಏಪ್ರಿಲ್ 28, ಭಾನುವಾರ

ನಾಚಿಕೆಗೆಟ್ಟ ಕೆಲಸ ಮಾಡಿದೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಹಾಲ್‌ನಲ್ಲಿ ನಿಂತು, ಅವಳ ಬೆನ್ನಿಗೆ, ಮೆಲ್ಲಗೆ ಅಂದೆ: ಅಮ್ಮ, ಗ್ಯಾಸ್ ಆರಿಸು. ತಿರುಗಲಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ. ತಿರುಗಲಿಲ್ಲ. ಸಮಾಧಾನವಾಯಿತು. ಕಿವಿ ಮಂದ, ಅವತ್ತೂ ಕೇಳಿಸಿರಲಿಕ್ಕಿಲ್ಲ.

ಊಟಕ್ಕೆ ಕೂತಾಗ ಹೇಳಿದಳು:

"ಗ್ಯಾಸು ಆಗಲೇ ಆರ್ಸಿದ್ದೆ. ಹಾಲ್‌ನಲ್ಲಿ ನಿಂತು ಏನು ಮಂತ್ರ ಹಾಕ್ತಿದ್ದೆ?"


ಮೇ 1, ಬುಧವಾರ

ರಜೆ. ಊರೆಲ್ಲ ಹುಲ್ಲಿನ ಮೇಲೆ ಕೂತು ಹಸಿ ಫಾವಾ ಕಾಳು, ಕುರಿಹಾಲಿನ ಚೀಸು. ನಾವೂ ಹೋಗಿದ್ದೆವು. ಅಮ್ಮ ಕಾಳು ಸುಲಿದು ನನ್ನ ತಟ್ಟೆಗೇ ಹಾಕುತ್ತಿದ್ದಳು. ತಾನು ತಿಂದದ್ದು ಕಡಿಮೆ. ಚೀಸಿನ ತುಂಡನ್ನು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ್ದನ್ನು ನೋಡದವಳ ಹಾಗೆ ನೋಡಿದೆ.

ಈ ವಾರವಿಡೀ ಸುತ್ತಿದ್ದೇವೆ. ಸಂತ ಪೇತ್ರನ ಗುಮ್ಮಟಕ್ಕೆ ಲಿಫ್ಟಿನಲ್ಲಿ. ಕೋಟೆಯ ಸೇತುವೆ. ಮೈಕೆಲಾಂಜೆಲೊನ ಚಾವಣಿಯ ಕೆಳಗೆ ಕುತ್ತಿಗೆ ಹಿಡಿದುಕೊಂಡು, ಪಾಪ ಆತನ ಬೆನ್ನಿಗೆ ಎಣ್ಣೆ ತಿಕ್ಕೋರು ಯಾರಾದರೂ ಇದ್ದರಾ ಎಂದಳು. ಎಲ್ಲ ಕಡೆಯೂ ನನ್ನ ಜೊತೆ ಬರುತ್ತಾಳೆ. ಸುಸ್ತಾದರೂ ಬರುತ್ತಾಳೆ. ಈಗ ಚರ್ಚಾಗಿರುವ ಆ ಹಳೆಯ ದುಂಡು ಗುಡಿ, ಪಾಂಥಿಯನ್ ಒಂದು ಮಾತ್ರ ಬೇಡವಂತೆ. ಎರಡು ಸಲ ಆ ಚೌಕದವರೆಗೆ ಹೋಗಿ ವಾಪಸ್ ಬಂದೆವು.

ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂಟಕೋಸ್ಟ್ ಭಾನುವಾರ ಅಗ್ನಿಶಾಮಕದವರು ಪಾಂಥಿಯನ್ ಗುಮ್ಮಟ ಹತ್ತಿ ಮೇಲಿನ ಬಾಯಿಂದ ಕೆಂಪು ಗುಲಾಬಿ ದಳ ಸುರಿಯುತ್ತಾರೆ. ಅದನ್ನು ನೋಡಬೇಕಂತೆ. ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದಾಳೆ. ಪ್ರತಿ ವರ್ಷವೂ ಮುಂದಿನ ವರ್ಷ. ಈ ಸಲ ಅದು ಮೇ 19ಕ್ಕೆ ಬಂದಿದೆ, ಡಾಕ್ಟರ ದಿನಕ್ಕೆ ಒಂದು ದಿನ ಮುಂಚೆ. ಹೇಳಲಿಲ್ಲ.

"ಅದೊಂದು ಬಾಕಿ ಇರ್ಲಿ," ಅಂದಳು. "ಎಲ್ಲಾ ಒಟ್ಟಿಗೆ ನೋಡಿ ಮುಗಿಸಬಾರ್ದು."


ಮೇ 3, ಶುಕ್ರವಾರ

ಮಾರ್ಕೆಟ್ಟಿನಲ್ಲಿ ಅಮ್ಮನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಹೋದಾಗ ಎರ್ಸಿಲಿಯಾ ಮೀನಿನ ಹೊಟ್ಟೆ ಸೀಳುತ್ತಾ ಇಡೀ ಸಾಲಿಗೆ ಕೇಳುವ ಹಾಗೆ ಅಮ್ಮನ ಹೆಸರು ಹಿಡಿದು ಕೂಗಿದಳು:

"ಯೋಲೆ, ಜೋಪಾನ ಕಣೆ. ರೋಮಿನವಳಿಗೆ ರೋಮ್ ತೋರ್ಸೋಕೆ ಶುರು ಮಾಡಿದ್ರು ಅಂದ್ರೆ ಹೆಣದ ಪೆಟ್ಟಿಗೆಗೆ ಅಳತೆ ತಗೊಂಡಾಗಿದೆ ಅಂತ."

ಸಾಲು ಪೂರ್ತಿ ನಕ್ಕಿತು. ಎರ್ಸಿಲಿಯಾಗೆ ಏನೂ ಗೊತ್ತಿಲ್ಲ. ಹಾಗೆ ಮಾತಾಡುವುದೇ ಅವಳ ಪ್ರೀತಿ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮ್ಮ. ನನಗೆ ದೊಡ್ಡ ಸೈಜೇ ಬೇಕು, ಈ ಶೂ ಹಾಕ್ಕೊಂಡೇ ಹೋಗೋದು ಎಂದಳು. ನಾನು ಟೊಮ್ಯಾಟೊ ನೋಡುತ್ತಾ ನಿಂತೆ. ತಲೆ ಎತ್ತಿದಾಗ ಅಮ್ಮ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊಗ್ಗು ಕೈಯಲ್ಲಿತ್ತು, ಚಾಕು ನಿಂತಿತ್ತು. ಅವಳ ಚಾಕು ನಿಂತದ್ದನ್ನು ನಾನು ನೋಡಿದ್ದು ಕಡಿಮೆ.

ದಿನವಿಡೀ ಸತ್ತವರ ಬಗ್ಗೆಯೇ ಮಾತಾಡುತ್ತೇನೆ. ಇರಿತಕ್ಕೊಳಗಾದ ಚಕ್ರವರ್ತಿಗಳು, ಸಿಂಹಕ್ಕೆ ಸಿಕ್ಕವರು, ಸಮಾಧಿಗಳು. ಇಂಗ್ಲಿಷಿನಲ್ಲಿ ಒಂದು ಸಲವೂ ತಡವರಿಸಿಲ್ಲ. ಅಮ್ಮನ ಮುಂದೆ ನಾಲ್ಕು ಮಾತು ಹೊರಡುವುದಿಲ್ಲ. ಅವಳ ನೆಮ್ಮದಿ ಕಾಯುತ್ತಿದ್ದೇನೋ, ನನ್ನದೋ? ಡಾಕ್ಟರರೇ ಹೇಳಲಿ ಎಂದು ಬಿಟ್ಟರೆ ಅವಳು ಮೊದಲು ನೋಡುವುದು ನನ್ನ ಮುಖವನ್ನು. ಆಗ ಎಲ್ಲಿ ನೋಡಲಿ?


ಮೇ 7, ಮಂಗಳವಾರ. ಮಧ್ಯಾಹ್ನ

ಹೇಳಿದೆ.

ಕ್ರಮವಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನನ್ನ ನೆನಪು ಇದನ್ನು ಚಂದ ಮಾಡಿಬಿಡುತ್ತದೆ.

ಬೆಳಿಗ್ಗೆ ನನಗೆ ಗ್ರೂಪ್ ಇರಲಿಲ್ಲ. ತ್ರೇವಿ ಕಾರಂಜಿಗೆ ಹೋಗೋಣ ಎಂದವಳು ಅಮ್ಮನೇ. ಮನೆ ಬಿಡುವಾಗ ಕೇಳಿದಳು, ಆ ಕಿವಿಯದ್ದು ತಗೊಂಡ್ಯಾ, ನೀರಿನ ಸದ್ದಲ್ಲಿ ನಿನ್ನ ಮಾತು ಕೇಳಲ್ಲ. ಒಂದು ರಿಸೀವರ್, ಒಂದು ಮೈಕು ಬ್ಯಾಗಿಗೆ ಹಾಕಿಕೊಂಡೆ.

ಎಂಟೂವರೆಗೇ ಅಲ್ಲಿ ಸಂತೆ. ಸೆಲ್ಫಿ ತೆಗೆಯುವವರು, ಮದುವೆ ಗೌನಿನಲ್ಲಿ ಚೀನಾದ ಹುಡುಗಿ, ಅಂಚಿನ ಮೇಲೆ ಕೂತವರನ್ನು ಎಬ್ಬಿಸಲು ಪೊಲೀಸಿನವಳ ಸೀಟಿ. ಅಮ್ಮ ಡಬ್ಬಿಯನ್ನು ಕುತ್ತಿಗೆಗೆ ಹಾಕಿಕೊಂಡು ಕಿವಿಗೆ ತಾನೇ ಸಿಕ್ಕಿಸಿಕೊಂಡಳು. ನೀನು ಇಲ್ಲೇ ಮೆಟ್ಟಿಲ ಮೇಲಿರು, ನಾನು ಕೆಳಗೆ ಹೋಗಿ ಗ್ರೂಪಿನವರ ಹಾಗೆ ಕೇಳ್ತೀನಿ ಎಂದಳು. ಕೈಯಲ್ಲಿ ಒಂದು ಯೂರೋ ನಾಣ್ಯ ಇಟ್ಟೆ. ನೀರಿಗೆ ಬೆನ್ನು ಮಾಡಿ ಹೆಗಲ ಮೇಲಿಂದ ಎಸೆದರೆ ರೋಮಿಗೆ ಮತ್ತೆ ಬರುತ್ತಾರೆ ಅಂತ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಗೊತ್ತು ಕಣೆ, ನಾನೂ ಇಲ್ಲಿಯವಳೇ ಎಂದು ರೇಲಿಂಗ್ ಹಿಡಿದು ಇಳಿದಳು. ನೀಲಿ ಶೂ. ಒಂದೊಂದೇ ಮೆಟ್ಟಿಲು.

ನೀರಿನ ಅಂಚಿಗೆ ಹೋಗಿ ನಿಂತಳು. ನಾನು ಶುರುಮಾಡಿದೆ. ಯಾವ ಪೋಪು ಕಟ್ಟಿಸಿದ, ನೀರು ಯಾವ ಬೆಟ್ಟದಿಂದ ಬರುತ್ತದೆ, ಸಮುದ್ರದೇವತೆಯ ಎರಡು ಕುದುರೆಗಳಲ್ಲಿ ಒಂದು ಯಾಕೆ ಮೊಂಡು. ಈ ಕಥೆಯನ್ನು ನನ್ನ ಭಾಷೆಯಲ್ಲಿ ಹೇಳಿದ್ದು ಇದೇ ಮೊದಲು. ಎಷ್ಟು ಬಡಕಲಾಗಿ ಕೇಳಿಸಿತು! ನಡುವೆ ನಿಂತುಹೋಯಿತು. ಮೈಕಿನ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು.

"ಅಮ್ಮ. ಕೇಳಿಸ್ತಿದ್ರೆ ಕೈ ಎತ್ತು."

ಬೆನ್ನು ನನ್ನ ಕಡೆಗಿತ್ತು. ಬಲಗೈ ಮೇಲೆದ್ದಿತು. ಶಾಲೆಯ ಮಗುವಿನ ಹಾಗೆ, ಪೂರ್ತಿ ನೇರವಾಗಿ.

ಹೇಳಿದೆ. ಡಾಕ್ಟರು ಕಾರಿಡಾರಿನಲ್ಲಿ ಹೇಳಿದ್ದು ಹೇಳಿದೆ. ಗ್ಯಾಸ್ಟ್ರಿಕ್ ಅಲ್ಲ ಅಂದೆ. ರೋಗದ ಹೆಸರು ಹೇಳಿದೆ. ಔಷಧಿ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಎಂದೆ. ಬೇಕೋ ಬೇಡವೋ ನೀನೇ ಹೇಳಬೇಕಂತೆ, ಮೇ 20ಕ್ಕೆ ಹೋಗಬೇಕು ಎಂದೆ. ಅಮ್ಮ, ನಾನು ಮುಚ್ಚಿಟ್ಟೆ, ತಪ್ಪಾಯಿತು ಎಂದೆ. ನನ್ನ ಪಕ್ಕದಲ್ಲಿ ಯಾರೋ ಐಸ್‌ಕ್ರೀಂ ತಿನ್ನುತ್ತಿದ್ದರು. ಅವರಿಗೆ ಕೇಳಿಸುವಷ್ಟೂ ದನಿ ಇರಲಿಲ್ಲ ನನ್ನದು.

ಕೈ ಇನ್ನೂ ಮೇಲೇ ಇತ್ತು. ಇಳಿಸುವುದನ್ನು ಮರೆತಿದ್ದಳೋ ಏನೋ. ಆಮೇಲೆ ನಿಧಾನವಾಗಿ ಇಳಿಸಿ, ನೀರಿಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿದಳು. ನಾಣ್ಯ ಎಸೆಯುವವರು ನಿಲ್ಲುವ ಹಾಗೆಯೇ. ಅಷ್ಟು ದೂರದಿಂದ ಮುಖ ಸರಿಯಾಗಿ ಕಾಣಲಿಲ್ಲ. ಎಸೆಯುತ್ತಾಳೆ ಅಂದುಕೊಂಡೆ. ಮುಷ್ಟಿ ನೋಡಿಕೊಂಡಳು. ಪರ್ಸು ತೆಗೆದು ನಾಣ್ಯವನ್ನು ಒಳಗೆ ಹಾಕಿ ಜಿಪ್ ಎಳೆದಳು. ಮೆಟ್ಟಿಲು ಹತ್ತಿ ಬಂದಳು.

"ವಾಪಸ್ ಬರ್ಬೇಕಾದವರು ಹಾಕೋದು ಅದು," ಅಂದಳು. "ನಾನಿನ್ನೂ ಹೊರಟಿಲ್ಲ."

ಮೂಲೆಯ ಕಾಫಿ ಅಂಗಡಿಗೆ ಹೋದೆವು. ಕೆನೆ ತುಂಬಿದ ಬನ್ನು ಬೇಕು ಎಂದಳು, ಅರ್ಧ ತಿಂದಳು. ಮೂಗಿಗೆ ಕೆನೆ ಹತ್ತಿತ್ತು, ಒರೆಸಲು ಹೋದರೆ ನನ್ನ ಕೈ ಪಕ್ಕಕ್ಕೆ ತಳ್ಳಿದಳು. ಅವತ್ತು ಪೈನ್ ಮರದ ಕೆಳಗೆ ನಿನಗೆ ಕೇಳಿಸಿತಾ ಎಂದೆ.

"ಕೇಳಿಸ್ತು. ಎಲ್ಲಾ ಕೇಳಿಸ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಕೊರ್ರಾಡೊಗೆ ಹೇಳ್ತಿದ್ದೆ. ನನಗೆ ಹೇಳಿರ್ಲಿಲ್ಲ."

ಆಮೇಲೆ ಅವಳು ಹೇಳಿದ್ದು ನಮ್ಮ ಅಜ್ಜಿಯ ಕಥೆ. ನಾನು ಮಗುವಾಗಿದ್ದಾಗ ಅಜ್ಜಿಗೂ ಇಂಥದ್ದೇ ಕಾಯಿಲೆ. ಡಾಕ್ಟರು ಅಮ್ಮನನ್ನು ಕಾರಿಡಾರಿಗೆ ಕರೆದರಂತೆ. ಅಮ್ಮನೂ ಮುಚ್ಚಿಟ್ಟಳು. ಯಾರದೋ ಕಾರು ಕೇಳಿ ತಂದು, ಅಜ್ಜಿಯನ್ನು ಮುಂದೆ ಕೂರಿಸಿ, ಊರೆಲ್ಲ ತೋರಿಸಿದರಂತೆ. ಸಂತ ಪೇತ್ರ, ತ್ರೇವಿ, ಬೆಟ್ಟದ ಮೇಲಿನ ಫಿರಂಗಿ. ಅಜ್ಜಿ ಎಲ್ಲ ಕಡೆಯೂ ಚೆನ್ನಾಗಿದೆ, ಚೆನ್ನಾಗಿದೆ ಎಂದಳಂತೆ. ಅವಳಿಗೆ ಗೊತ್ತಿದೆ ಅಂತ ಅಮ್ಮನಿಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಾಗಿದೆ ಅಂತ ಅಜ್ಜಿಗೂ ಗೊತ್ತಿತ್ತು. ಕೊನೆಯವರೆಗೂ ಇಬ್ಬರೂ ಹವೆಯ ಬಗ್ಗೆ ಮಾತಾಡಿದರು.

"ನೀನು ಮಾರ್ಕೆಟ್‌ಗೆ ಬಂದು ಕೊಲೋಸಿಯಂ ಅಂದ್ಯಲ್ಲ, ಆಗ್ಲೇ ಅಂದ್ಕೊಂಡೆ. ನಮ್ಮೂರಲ್ಲಿ ಸುಮ್ಮಸುಮ್ನೆ ಯಾರು ಯಾರಿಗೆ ಕೊಲೋಸಿಯಂ ತೋರಿಸ್ತಾರೆ? ಬರ್ಲಿ, ಎಲ್ಲೀವರೆಗೆ ಸುತ್ತಿಸ್ತಾಳೋ ನೋಡೋಣ, ಎಲ್ಲಾದರೂ ಒಂದು ಕಡೆ ಬಾಯಿ ಬಿಡ್ತಾಳೆ ಅಂತ ಹಿಂದೆ ಹಿಂದೆ ಬಂದೆ." ಕಾಫಿ ಕುಡಿದಳು. "ಕಾಲು ಬಿದ್ದುಹೋಗಿದೆ, ಲುಚಿ. ಇನ್ನೂ ಸ್ವಲ್ಪ ಬೇಗ ಹೇಳ್ಬಾರ್ದಿತ್ತಾ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿದಳು, ನನಗೆ ನಿಲ್ಲಿಸಲಾಗಲಿಲ್ಲ. ನಗು ಅಲ್ಲ ಅದು.


ಮೇ 16, ಗುರುವಾರ

ಬರೆಯಲಾಗಿರಲಿಲ್ಲ.

ಹೇಳಿದರೆ ಹಗುರ ಎಂದುಕೊಂಡಿದ್ದೆ. ಮಾರನೆಯ ದಿನ ಅಮ್ಮ ಬಾಗಿಲು ತೆಗೆಯಲಿಲ್ಲ. ಅವಳದು ಎರಡನೇ ಮಹಡಿ, ನನ್ನದು ನಾಲ್ಕನೆಯದು. ಮೆಟ್ಟಿಲ ಮೇಲೆ ಕೂತೆ. ಒಳಗಿಂದ ರೇಡಿಯೋ. ಬಹಳ ಹೊತ್ತಾದ ಮೇಲೆ ಬಾಗಿಲ ಹಿಂದಿನಿಂದಲೇ, ಹೋಗು, ನಿನ್ನೆ ನೀನು ಅತ್ತೆ, ಇವತ್ತು ನನ್ನ ಸರದಿ ಎಂದಳು.

ಆಮೇಲಿನ ದಿನಗಳಲ್ಲಿ ಸಿಟ್ಟು. ಸೂಪಿಗೆ ಉಪ್ಪಿಲ್ಲ, ನನ್ನ ಕೂದಲು ಕಾಗೆಗೂಡು, ಕೊರ್ರಾಡೊ ಯಾಕೆ ದಿನಾ ಫೋನ್ ಮಾಡ್ತಾನೆ. ಅವನಿಗೆ ಇನ್ನೂ ತಿಳಿಸಿಲ್ಲ. ತಿಳಿಸಬೇಡ, ಅದು ನನ್ನ ಕೆಲಸ ಎಂದಿದ್ದಾಳೆ. ಫೋನಿನಲ್ಲಿ ಅವನ ಜೊತೆ ಗ್ಯಾಸ್ಟ್ರಿಕ್ಕಿನ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡುತ್ತಾಳೆಂದರೆ ಪಕ್ಕದಲ್ಲಿ ಕೂತ ನನಗೇ ಇರಬಹುದು ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿದ್ದಾಳೆ. ಎರ್ಸಿಲಿಯಾಗೆ ತಾನೇ ಹೇಳಿದಳಂತೆ. ಎರ್ಸಿಲಿಯಾ ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತುಬಿಟ್ಟಳಂತೆ, ಅವತ್ತು ಆಡಿದ ಮಾತಿಗೆ. ಅಮ್ಮನೇ ಸಮಾಧಾನ ಮಾಡಬೇಕಾಯಿತು.

"ಅಳತೆ ತಪ್ಪಿಲ್ಲ ಬಿಡು ಅಂದೆ. ಅದಕ್ಕೂ ಅತ್ಲು."

ಸಂಜೆ ನನ್ನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಔಷಧಿ ಕೊಟ್ಟ ವಾರ ಏನಾಗುತ್ತೆ. ಎಷ್ಟು ವಾರಕ್ಕೊಂದು ಸಲ. ನಡುವೆ ಮಾರ್ಕೆಟ್ಟಿಗೆ ಹೋಗಬಹುದಾ. ಬಾಯಿರುಚಿ ಹೋಗುತ್ತಾ. ಗೊತ್ತಿದ್ದಕ್ಕೆ ಉತ್ತರ ಹೇಳಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಸಗಟು ವ್ಯಾಪಾರಿಯ ಲಾರಿಯ ಮುಂದೆ ನಿಂತಾಗ ಇದೇ ಮುಖ ಇರುತ್ತಿತ್ತು ಅವಳಿಗೆ. ನಿನಗೇನನ್ನಿಸುತ್ತೆ ಎಂದು ಕೇಳಿದಳು. ತಗೋ ಎನ್ನಬೇಕೆನ್ನಿಸಿತು. ನುಂಗಿಕೊಂಡೆ. ನೀನು ಹೇಳಿದ್ದೇ ಆಗಲಿ ಅಂದೆ.

ಅವಳು ತಲೆಯಾಡಿಸಿದಳು. ಆ ಉತ್ತರ ಸರಿಯೋ, ಹೇಡಿತನವೋ... ಈಗಲೂ ಗೊತ್ತಿಲ್ಲ.


ಮೇ 19, ಭಾನುವಾರ. ಮಧ್ಯಾಹ್ನ ಮೂರು

ಪಾಂಥಿಯನ್.

ಬೆಳಿಗ್ಗೆ ಬೇಗ ಹೊರಡೋಣ ಎಂದು ಎಷ್ಟು ಹೇಳಿದರೂ ಅಮ್ಮ ಕೂದಲು ಬಾಚಿದ್ದೇ ಬಾಚಿದ್ದು. ಹೋಗುವಷ್ಟರಲ್ಲಿ ಸಾಲು ಚೌಕ ಸುತ್ತಿ ಪಕ್ಕದ ಓಣಿಗೆ ಹೋಗಿತ್ತು. ಗೈಡ್ ಬಿಲ್ಲೆ ತೋರಿಸಿ ನುಗ್ಗಲು ಹೊರಟೆ. ಅಮ್ಮ ತೋಳು ಹಿಡಿದು ನಿಲ್ಲಿಸಿದಳು. ಸಾಲಿನಲ್ಲಿ ನಿಂತೆವು. ಬಾಗಿಲು ಹತ್ತಿರವಾಗುವ ಹೊತ್ತಿಗೆ ಒಳಗೆ ತುಂಬಿಹೋಗಿದೆ ಎಂದು ಮುಚ್ಚಿಬಿಟ್ಟರು.

ನನಗೆ ಅಳು ಬಂತು. ಜಗಳಕ್ಕೇ ಹೋದೆ. ಕಾವಲಿನವನಿಗೆ ನಮ್ಮಮ್ಮ ಎಂದು ಶುರುಮಾಡಿದೆ. ಅಮ್ಮ ಹಿಂದಿನಿಂದ ಕೋಟು ಎಳೆದಳು.

"ಬಿಡೇ. ಒಳ್ಳೇದಾಯ್ತು."

"ಏನು ಒಳ್ಳೇದಾಯ್ತು?"

"ಮುಂದಿನ ವರ್ಷ ನೋಡಿದ್ರಾಯ್ತು."

ಜೀವಮಾನವೆಲ್ಲ ಹೇಳಿದ ಅದೇ ಮಾತು, ಅದೇ ರಾಗ. ಆದರೆ ಈ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಚೌಕದ ನಡುವಿನ ಕಾರಂಜಿಯ ಕಟ್ಟೆಯ ಮೇಲೆ ಕೂತೆವು. ಒಳಗಿನಿಂದ ಹಾಡು ಕೇಳಿಸಿತು. ಆಮೇಲೆ ಒಟ್ಟಿಗೆ ಒಂದು 'ಆಹಾ', ದೊಡ್ಡ ಕೋಣೆಯೊಂದು ಉಸಿರೆಳೆದುಕೊಂಡ ಹಾಗೆ. ದಳ ಬೀಳುತ್ತಿದೆ ಎಂದೆ. ಕೇಳಿಸ್ತಿದೆ ಎಂದಳು.

ಜನ ಹೊರಬಂದರು. ತಲೆಯ ಮೇಲೆ, ಭುಜದ ಮೇಲೆ ಕೆಂಪು ಚೂರುಗಳು. ಒಬ್ಬ ದಪ್ಪ ಮನುಷ್ಯನ ಕಾಲರಿನಿಂದ ಅಮ್ಮ ಕೇಳದೆಯೇ ಒಂದು ದಳ ಎತ್ತಿಕೊಂಡಳು. ಬಾಡಿತ್ತು. ಮೂಸಿ ನೋಡಿ, ಅಂಥಾ ಗುಲಾಬಿ ಏನಲ್ಲ, ಯಾವ ಸಗಟಿನವನು ಮೋಸ ಮಾಡಿದನೋ ಎಂದಳು. ಎಸೆಯಲಿಲ್ಲ.

ಅಲ್ಲೇ ಗೂಡಂಗಡಿಯಲ್ಲಿ ಕಾರ್ಡು ಕೊಂಡಳು. ಕೊಲೋಸಿಯಮ್ಮಿನ ಚಿತ್ರದ್ದು, ತೀರಾ ಅಗ್ಗದ್ದು, ಆಕಾಶ ಇಲ್ಲದಷ್ಟು ನೀಲಿ. ಟೂರಿನ್‌ಗೆ. ಫೋನ್ ಮಾಡಬಹುದಲ್ಲ ಎಂದೆ.

"ಫೋನಲ್ಲಿ ಅವನು ಅಳ್ತಾನೆ, ನಾನು ಕೂತ್ಕೊಂಡು ಸಮಾಧಾನ ಮಾಡ್ಬೇಕು. ಇದಾದ್ರೆ ಒಬ್ಬನೇ ಅತ್ತು ಮುಗಿಸಿ ಬರ್ತಾನೆ."

ಕಟ್ಟೆಯ ಮೇಲೆಯೇ ಬರೆದಳು, ನನ್ನ ಬೆನ್ನನ್ನು ಮೇಜು ಮಾಡಿಕೊಂಡು. ಪೆನ್ನು ಒತ್ತಿದ್ದು ಅಂಗಿಯ ಮೂಲಕ ತಿಳಿಯುತ್ತಿತ್ತು. ಮುಗಿಸಿ, ಓದು, ಕಾರ್ಡು ಎಲ್ಲರೂ ಓದೋದಕ್ಕೇ ಇರೋದು ಎಂದಳು. ಓದಿದೆ.

ಕೊರ್ರಾಡೊ, ನನಗೆ ಗೊತ್ತು. ಲುಚಿ ಹೇಳಿದಳು, ಅವಳನ್ನು ಬೈಯಬೇಡ. ರೋಮ್ ಎಲ್ಲಾ ನೋಡಿದೆ, ಜನ ಜಾಸ್ತಿ. ಪಾಂಥಿಯನ್ ಒಂದು ಬಾಕಿ. ಮುಂದಿನ ಹೂವಿನ ತನಕ ಎಳೆಯೋ ಔಷಧಿ ಇದ್ದರೆ ಕೊಡಿ, ಮೊದಲ ಸಲ ತಗೊಂಡು ನೋಡುತ್ತೇನೆ, ಮಾರ್ಕೆಟ್ಟಿಗೆ ಹೋಗಲಾಗದ ಹಾಗೆ ಮಾಡಿದರೆ ನಿಲ್ಲಿಸುತ್ತೇನೆ ಎಂದು ಡಾಕ್ಟರಿಗೆ ಹೇಳಿದ್ದೇನೆ. ನೀನು ಬಾ. ಔಷಧಿ ಅಂಗಡಿಯ ಮುಖ ಹಾಕಿಕೊಂಡು ಬರಬೇಡ. — ಅಮ್ಮ

ಹೇಳಿದ್ದೇನೆ ಅಂತ ಬರೆದಿದ್ದೀಯ, ಡಾಕ್ಟರನ್ನು ನೋಡುವುದು ನಾಳೆಯಲ್ಲವಾ ಎಂದೆ. ಅದಕ್ಕೇ ಇವತ್ತು ಹಾಕಬೇಡ ಎಂದಳು. ಮೊದಲು ಅವರ ಮುಂದೆ ಕೂತು ನನ್ನ ಬಾಯಲ್ಲಿ ಹೇಳ್ತೀನಿ, ನೀನು ಕಾರಿಡಾರಲ್ಲಿ ಇರು. ಹೊರಗೆ ಬಂದ ಮೇಲೆ ಹಾಕು.

ಕಾರ್ಡು ಈಗ ನನ್ನ ಮೇಜಿನ ಮೇಲೆ, ರಿಸೀವರುಗಳ ಪಕ್ಕದಲ್ಲಿದೆ. ಸ್ಟ್ಯಾಂಪು ಅಂಟಿಸಿದೆ. ನಾಣ್ಯ ಅವಳ ಪರ್ಸಿನಲ್ಲೇ ಇದೆ, ಕೇಳಿದರೆ ಕೊಡುವುದಿಲ್ಲ. ಆಸ್ಪತ್ರೆಯ ಗೇಟಿನ ಎದುರಿಗೇ ಒಂದು ಕೆಂಪು ಅಂಚೆಪೆಟ್ಟಿಗೆ ಇದೆ, ಬಸ್ಸಿನಿಂದ ಇಳಿದ ಕಡೆ. ನಾಳೆ, ಸೋಮವಾರ, ಅವಳು ಹೊರಗೆ ಬಂದ ಮೇಲೆ ಕಾರ್ಡನ್ನು ಅದರಲ್ಲಿ ಹಾಕುತ್ತೇನೆ.